ಹಗ್ಗ ಬಿಡಿ, ಪ್ಲಗ್ ಬಿಚ್ಚಿ ನೋಡಿ

(ಮಳೆಗಾಲಕ್ಕೆ ಮುಂಚೆ ಮಲೆನಾಡಿನ ತೋಟಗಾರರ ಸಭೆಯೊಂದರಲ್ಲಿ ಚೈನ್ ಸಾ (ಮರ ಕುಯ್ಯುವ ಮಿಷನ್) ಮೆಕ್ಯಾನಿಕ್ ಒಬ್ಬರು ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಪ್ರಶ್ನೆ. ಚೈನ್ ಸಾ ಸ್ಟಾರ್ಟ್ ಆಗದಿದ್ದರೆ ನೀವು ಹಗ್ಗವನ್ನು ಎಷ್ಟು ಸಲ ಎಳೆಯುತ್ತೀರಿ? ಹತ್ತು? ಇಪ್ಪತ್ತು? ಹಿಂದೆ ಕೂತವರು ಯಾರೋ "ಸ್ಟಾರ್ಟ್ ಆಗೋವರೆಗೂ" ಅಂದರು. ನಿಜ, ನಾವೆಲ್ಲ ಮಾಡುವುದು ಅದನ್ನೇ. ಮೊದಲು ಮನೆಯ ಯಜಮಾನ ಎಳೆಯುತ್ತಾನೆ. ಅವನ ತೋಳು ಸೋತ ಮೇಲೆ ಮಗ ಎಳೆಯುತ್ತಾನೆ. ಆಮೇಲೆ ಕೆಲಸಕ್ಕೆ ಬಂದವರು. ಅಷ್ಟು ಹೊತ್ತಿಗೆ ಮಿಷನ್ ಒಳಗೆ ಪೆಟ್ರೋಲ್ ತುಂಬಿ, ಇನ್ನು ಯಾರು ಎಳೆದರೂ ಹತ್ತದ ಸ್ಥಿತಿಗೆ ಬಂದಿರುತ್ತದೆ.

ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಮಾತು. ಎಂಟು ಹತ್ತು ಸಲ ಎಳೆದರೂ ಹತ್ತಲಿಲ್ಲವೋ, ಹಗ್ಗ ಬಿಡಿ. ಪ್ಲಗ್, ಅಂದರೆ ಎಂಜಿನ್ ಒಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಬಿಚ್ಚಿ ನೋಡಿ. ಒಳಗೆ ಏನಾಗಿದೆ ಅಂತ ಹೊರಗಿನಿಂದ ಕಾಣಿಸುವುದಿಲ್ಲ. ಒಳಗೆ ಹೋಗಿ ಬಂದದ್ದು ಅಂದರೆ ಆ ಪ್ಲಗ್ ಒಂದೇ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹದಿನೈದು ವರ್ಷದ ಹಿಂದೆ, ಆರಿದ್ರಾ ಮಳೆ ಹೊಡೆಯುತ್ತಿದ್ದ ಒಂದು ರಾತ್ರಿ. ಪಕ್ಕದ ಮನೆಯ ಅಜ್ಜಿಗೆ ಉಸಿರು ಕಟ್ಟಿತು. ಜೀಪಿನಲ್ಲಿ ಮಲಗಿಸಿಕೊಂಡು ಹೊರಟೆವು. ಅರ್ಧ ಮೈಲಿ ಹೋಗಿಲ್ಲ, ರಸ್ತೆಗೆ ಅಡ್ಡ ಹಲಸಿನ ಮರ ಬಿದ್ದಿತ್ತು. ನಮ್ಮ ಮನೆಯಲ್ಲಿ ಚೈನ್ ಸಾ ಇತ್ತಲ್ಲ, ಓಡಿ ಹೋಗಿ ತಂದೆ. ಜೀಪಿನ ಲೈಟಿನಲ್ಲಿ, ಮಳೆಯಲ್ಲಿ ನೆನೆಯುತ್ತಾ ಎಳೆದೆ. ಅಂಗೈಯಲ್ಲಿ ಬೊಬ್ಬೆ ಬಂದು ಒಡೆಯಿತು, ಮಿಷನ್ ಹತ್ತಲಿಲ್ಲ. ಕೊನೆಗೆ ಕೊಡಲಿ ಮತ್ತು ಕೈಗರಗಸದಲ್ಲೇ ನಾಲ್ಕು ಜನ ಸೇರಿ ಕಡಿದೆವು. ಎರಡು ಗಂಟೆ ಹಿಡಿಯಿತು. ಅಜ್ಜಿ ಉಳಿದರು. ಆದರೆ ಜೀಪಿನ ಒಳಗಿಂದ ಕೇಳುತ್ತಿದ್ದ ಆ ಉಸಿರಿನ ಶಬ್ದ ನನ್ನ ಕಿವಿಯಿಂದ ಹೋಗಿಲ್ಲ.

ಮಾರನೇ ದಿನ ಪ್ಲಗ್ ಬಿಚ್ಚಿದೆ. ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನಲ್ಲಿ ಇದ್ದದ್ದು ಫೆಬ್ರವರಿಯಲ್ಲಿ ಸೌದೆ ಕುಯ್ದಾಗ ಉಳಿದ ಪೆಟ್ರೋಲ್. ಎರಡೂ ಹತ್ತು ನಿಮಿಷದಲ್ಲಿ ಸರಿ ಹೋಗುವ ವಿಷಯ. ಅವತ್ತು ನನಗೆ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ಗ್ಯಾರೇಜಿಗೆ ಸೇರಿ ಈ ಕೆಲಸ ಕಲಿತೆ.

ಸರಿ, ಮಿಷನ್‌ಗೆ ಬರೋಣ. ಇದು ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಓಡಿಸುವಂಥದ್ದು. ಹತ್ತಬೇಕಾದರೆ ಮೂರು ಬೇಕು. ಗಾಳಿ ಬೆರೆತ ಪೆಟ್ರೋಲ್ ಒಳಗೆ ಬರಬೇಕು. ಸರಿಯಾದ ಹೊತ್ತಿಗೆ ಕಿಡಿ ಹಾರಬೇಕು. ಪಿಸ್ಟನ್ ಅದನ್ನು ಒತ್ತಿ ಹಿಡಿಯಬೇಕು, ಅಂದರೆ ಕಂಪ್ರೆಷನ್ ಇರಬೇಕು. ಮೂರರಲ್ಲಿ ಯಾವುದು ಇಲ್ಲ ಅಂತ ಹುಡುಕುವುದೇ ರಿಪೇರಿ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚುವುದು, ಸ್ಕ್ರೂ ತಿರುಗಿಸುವುದು ಎಲ್ಲ ಕೊನೆಗೆ. ಆದರೆ ಹೆಚ್ಚಿನವರು ಮೊದಲು ಕೈ ಹಾಕುವುದೇ ಅಲ್ಲಿಗೆ.

ಬಿಚ್ಚುವ ಮುಂಚೆ ಸ್ಟಾರ್ಟ್ ಮಾಡುವ ಕ್ರಮ ಒಮ್ಮೆ ನೋಡಿಬಿಡೋಣ. ನನ್ನ ಹತ್ತಿರ ಬರುವ ಮಿಷನ್‌ಗಳಲ್ಲಿ ಎಷ್ಟೋ ಮಿಷನ್‌ಗಳಿಗೆ ಏನೂ ಆಗಿರುವುದಿಲ್ಲ. ಸ್ಟಾರ್ಟ್ ಮಾಡುವ ಕ್ರಮ ತಪ್ಪಿರುತ್ತದೆ.

ಮಿಷನ್ ಅನ್ನು ಸಮತಟ್ಟಾದ ನೆಲದ ಮೇಲೆ ಇಡಿ. ಚೈನ್ ಸುತ್ತುವ ಆ ಉದ್ದದ ಬಾರ್‌ಗೆ, ಚೈನ್‌ಗೆ ಏನೂ ತಾಗಬಾರದು. ಮುಂದಿನ ಗಾರ್ಡನ್ನು ಮುಂದಕ್ಕೆ ತಳ್ಳಿ ಚೈನ್ ಬ್ರೇಕ್ ಹಾಕಿ. ಎಡಗೈಯಲ್ಲಿ ಮುಂದಿನ ಹಿಡಿ ಒತ್ತಿ ಹಿಡಿಯಿರಿ. ಬಲಗಾಲಿನ ಬೂಟಿನ ತುದಿಯನ್ನು ಹಿಂದಿನ ಹಿಡಿಯೊಳಗೆ ಇಟ್ಟು ಮೆಟ್ಟಿ. ಸ್ವಿಚ್ ಆನ್ ಇದೆಯಾ ನೋಡಿ. ಇದನ್ನು ನೋಡದೆ ಅರ್ಧ ಗಂಟೆ ಎಳೆದವರನ್ನು ನಾನು ಕಂಡಿದ್ದೇನೆ. ರಬ್ಬರ್ ಬಲ್ಬ್ ಇದ್ದರೆ ಅದರಲ್ಲಿ ಪೆಟ್ರೋಲ್ ಕಾಣುವವರೆಗೆ ಐದಾರು ಸಲ ಒತ್ತಿ. ಆಮೇಲೆ ಚೋಕ್ ಹಾಕಿ, ಅಂದರೆ ತಣ್ಣಗಿರುವ ಎಂಜಿನ್‌ಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಕೊಡುವ ಲಿವರ್.

ಈಗ ಹಗ್ಗ. ಮೊದಲು ನಿಧಾನಕ್ಕೆ ಎಳೆಯಿರಿ, ಕೈಗೆ ಒಂದು ಬಿಗಿ ಸಿಗುತ್ತದೆ. ಅಲ್ಲಿಂದ ಜೋರಾಗಿ, ಒಂದೇ ಏಟಿಗೆ ಎಳೆಯಿರಿ. ಜೋರು ಯಾಕೆ ಬೇಕು ಅಂದರೆ, ಇದರಲ್ಲಿ ಬ್ಯಾಟರಿ ಇಲ್ಲ. ಎಂಜಿನ್ ಜೊತೆ ತಿರುಗುವ ಚಕ್ರ, ಅಂದರೆ ಫ್ಲೈವೀಲ್‌ನಲ್ಲಿ ಇರುವ ಆಯಸ್ಕಾಂತ, ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಮುಂದೆ ವೇಗವಾಗಿ ಹಾದು ಹೋದಾಗ ಮಾತ್ರ ಕಿಡಿ ಹುಟ್ಟುತ್ತದೆ. ಮೆಲ್ಲಗೆ ಎಳೆದರೆ ಎಂಜಿನ್ ತಿರುಗುತ್ತದೆ, ಕಿಡಿ ಬರುವುದಿಲ್ಲ. ಹಗ್ಗವನ್ನು ಕೊನೆಯವರೆಗೆ ಎಳೆಯಬೇಡಿ, ವಾಪಸ್ ಹೋಗುವಾಗ ಕೈಬಿಡಲೂ ಬೇಡಿ. ಕೈಯಲ್ಲೇ ಹಿಡಿದು ಒಳಗೆ ಕಳಿಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನ ಇಡಿ. ಚೋಕ್ ಹಾಕಿ ಎಳೆಯುವಾಗ ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಮಿಷನ್ ಒಮ್ಮೆ "ಬುಡ್" ಅನ್ನುತ್ತದೆ. ಒಂದೇ ಸಲ. ಹತ್ತಿ ಆರಿ ಹೋಗುತ್ತದೆ. ಅದು ಸೋತ ಶಬ್ದ ಅಲ್ಲ. "ಪೆಟ್ರೋಲ್ ಬಂತು, ಇನ್ನು ಚೋಕ್ ಸಾಕು" ಅಂತ ಮಿಷನ್ ಹೇಳುವ ಶಬ್ದ. ಆಗಲೇ ಚೋಕ್ ತೆಗೆದು ಲಿವರನ್ನು ಅರ್ಧ ಆಕ್ಸಲರೇಟರ್ ಜಾಗಕ್ಕೆ ತರಬೇಕು. ಇನ್ನೆರಡು ಎಳೆತಕ್ಕೆ ಹತ್ತುತ್ತದೆ. ಆ "ಬುಡ್" ಕೇಳಿಸಿಕೊಳ್ಳದೆ ಚೋಕ್‌ನಲ್ಲೇ ಎಳೆಯುತ್ತಾ ಹೋದರೆ ಸಿಲಿಂಡರ್ ತುಂಬ ಹಸಿ ಪೆಟ್ರೋಲ್ ತುಂಬುತ್ತದೆ. ಮಳೆ, ಗಾಳಿ, ಪಕ್ಕದಲ್ಲಿ ನಾಲ್ಕು ಜನ ಮಾತಾಡುತ್ತಿದ್ದರೆ ಆ ಶಬ್ದ ಕೇಳಿಸುವುದೇ ಇಲ್ಲ. ಅದಕ್ಕೇ ಸ್ಟಾರ್ಟ್ ಮಾಡುವಾಗ ಸುತ್ತ ಇರುವವರಿಗೆ ಸುಮ್ನೆ ಇರಿ ಅಂತ ಹೇಳಿ.

ಇನ್ನೊಂದು ಮಾತು. ಕೆಲವರು ಮಿಷನ್ ಅನ್ನು ಒಂದು ಕೈಯಲ್ಲಿ ಕೆಳಕ್ಕೆ ಎಸೆದಂತೆ ಮಾಡಿ, ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುತ್ತಾರೆ. ನೋಡುವುದಕ್ಕೆ ಪಳಗಿದ ಕೈ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತಿದ ಕ್ಷಣ ಚೈನ್ ತಿರುಗಿದರೆ ಬಾರ್ ಬರುವುದು ನೇರ ತೊಡೆಗೆ, ಮೊಣಕಾಲಿಗೆ. ಎಳೆದು ಎಳೆದು ಸಿಟ್ಟು ಬಂದಾಗಲೇ ಮನುಷ್ಯ ಹಾಗೆ ಮಾಡುವುದು. ತೋಳು ಸೋತಿರುತ್ತದೆ, ತಲೆ ಬಿಸಿಯಾಗಿರುತ್ತದೆ, ಆಗ ಮಿಷನ್ ಹತ್ತಿಬಿಡುತ್ತದೆ. ಹಗ್ಗ ಎಳೆಯುವುದನ್ನು ಬೇಗ ನಿಲ್ಲಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಪ್ಲಗ್ ಬಿಚ್ಚೋಣ. ಎಂಜಿನ್ ತಣ್ಣಗಿರಲಿ. ಕ್ಯಾಪ್ ತೆಗೆದು, ಪ್ಲಗ್ ಸುತ್ತ ಕೂತ ಮರದ ಹೊಟ್ಟನ್ನು ಊದಿ ಅಥವಾ ಬ್ರಶ್ಶಿನಲ್ಲಿ ತೆಗೆಯಿರಿ. ಇಲ್ಲದಿದ್ದರೆ ಅದು ಸಿಲಿಂಡರ್ ಒಳಗೆ ಬೀಳುತ್ತದೆ. ಮಿಷನ್ ಜೊತೆಗೆ ಕೊಟ್ಟಿರುವ ಆ ಉದ್ದದ ಸ್ಪ್ಯಾನರ್ ಇದಕ್ಕೇ ಇರುವುದು.

ಮೇಜಿನ ಮೇಲೆ ನಾಲ್ಕು ಪ್ಲಗ್ ಇಟ್ಟಿದ್ದೇನೆ. ಹತ್ತಿರ ಬಂದು ನೋಡಿ. ಈ ಮೊದಲನೆಯದು ಕಾಫಿ ಬೆಳೆಗಾರರೊಬ್ಬರ ಮಿಷನ್‌ದು. ತುದಿ ತಿಳಿ ಕಂದು, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಒಣಗಿದೆ. ಇದು ಆರೋಗ್ಯವಾಗಿರುವ ಎಂಜಿನ್. ಎರಡನೆಯದನ್ನು ಮೂಸಿ ನೋಡಿ, ಒದ್ದೆ, ಪೆಟ್ರೋಲ್ ವಾಸನೆ. ಮೂರನೆಯದು ಕಪ್ಪು, ಕೈಗೆ ಮಸಿ ಜಿಡ್ಡು ಹತ್ತುತ್ತದೆ. ಆಯಿಲ್ ಜಾಸ್ತಿ ಬೆರೆಸಿದ್ದಾರೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ನಾಲ್ಕನೆಯದು ಸಂಪೂರ್ಣ ಒಣಗಿದೆ, ಹತ್ತು ಸಲ ಎಳೆದ ಮೇಲೂ ವಾಸನೆಯೇ ಇಲ್ಲ.

ನಿಮಗೆ ಮುಖ್ಯ ಎರಡನೆಯದು ಮತ್ತು ನಾಲ್ಕನೆಯದು. ಒದ್ದೆಯೋ, ಒಣಗಿದೆಯೋ? ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಹಾಗಾಗಿ ಪೆಟ್ರೋಲ್ ದಾರಿಯನ್ನು ಮುಟ್ಟಬೇಡಿ, ಕಿಡಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಟ್ಯಾಂಕಿನಿಂದ ಹುಡುಕುತ್ತಾ ಬನ್ನಿ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಒದ್ದೆ ಪ್ಲಗ್ಗನ್ನು ಮೊದಲು ನೋಡೋಣ. ಸ್ವಿಚ್ ಆಫ್ ಮಾಡಿ. ಚೋಕ್ ತೆಗೆಯಿರಿ. ಪ್ಲಗ್ ಹೊರಗೇ ಇರಲಿ. ಪ್ಲಗ್ಗಿನ ತೂತಿಗೆ ಮುಖ ಕೊಡದೆ, ಹಗ್ಗವನ್ನು ಎಂಟು ಹತ್ತು ಸಲ ಎಳೆಯಿರಿ. ಒಳಗಿದ್ದ ಪೆಟ್ರೋಲ್ ತುಂತುರಾಗಿ ಹೊರಗೆ ಬರುತ್ತದೆ. ಹತ್ತಿರ ಬೀಡಿ, ಒಲೆ, ಏನೂ ಇರಬಾರದು. ಪ್ಲಗ್ಗನ್ನು ಬಟ್ಟೆಯಲ್ಲಿ ಒರೆಸಿ, ತಂತಿ ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿ ಒಣಗಿಸಿ. ಎರಡು ತುದಿಗಳ ನಡುವೆ 0.5 ಮಿಲಿಮೀಟರ್ ಸಂದು ಇರಬೇಕು. ವಿಸಿಟಿಂಗ್ ಕಾರ್ಡ್ ಒಂದನ್ನು ಮಡಚಿ ತೂರಿಸಿದರೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ವಾಪಸ್ ಹಾಕುವಾಗ ಮೊದಲು ಬೆರಳಿನಲ್ಲೇ ತಿರುಗಿಸಿ, ಬಿಗಿಯಾದ ಮೇಲೆ ಸ್ಪ್ಯಾನರ್. ಸಿಲಿಂಡರಿನ ಲೋಹ ಮೆತ್ತಗಿನದು. ಅಡ್ಡ ಕೂತ ಪ್ಲಗ್ಗನ್ನು ಬಲ ಹಾಕಿ ತಿರುಗಿಸಿದರೆ ಮರೆಯೇ, ಅಂದರೆ ತಿರುಪಿನ ಗೆರೆಗಳೇ, ಹೋಗಿಬಿಡುತ್ತದೆ. ಇಷ್ಟಾದ ಮೇಲೆ ಸ್ವಿಚ್ ಆನ್ ಮಾಡಿ, ಚೋಕ್ ಇಲ್ಲದೆ ಎಳೆಯಿರಿ. ಒದ್ದೆ ಪ್ಲಗ್ಗಿನ ಮಿಷನ್‌ಗಳು ಜಾಸ್ತಿ ಪಾಲು ಇಲ್ಲಿಗೇ ಹತ್ತುತ್ತವೆ.

ಹತ್ತಲಿಲ್ಲ ಅಂದರೆ ಕಿಡಿ ನೋಡಬೇಕು. ಪ್ಲಗ್ಗನ್ನು ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ. ಪ್ಲಗ್ಗಿನ ಮೈಯನ್ನು ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಿಡಿಯಿರಿ, ಆದರೆ ಪ್ಲಗ್ಗಿನ ತೂತಿನಿಂದ ದೂರ. ಒಳಗೆ ಪೆಟ್ರೋಲ್ ಆವಿ ಇರುತ್ತದೆ, ಅದಕ್ಕೆ ಕಿಡಿ ತಾಗಿದರೆ ಬೆಂಕಿ. ಮೊದಲು ತೂತಿನಿಂದ ಪೆಟ್ರೋಲ್ ಹೊರಗೆ ಹಾಕಿ, ತುಸು ಹೊತ್ತು ಗಾಳಿಯಾಡಲು ಬಿಟ್ಟು, ತೂತಿಗೆ ಒಣ ಬಟ್ಟೆ ಮುಚ್ಚಿ ಈ ಪರೀಕ್ಷೆ ಮಾಡಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ, ಶಾಕ್ ಹೊಡೆಯುತ್ತದೆ. ರಬ್ಬರ್ ಹಿಡಿಯ ಇಕ್ಕಳ ಬಳಸಿ. ನೆರಳಿನಲ್ಲಿ ನಿಂತು ಎಳೆದರೆ ನೀಲಿ ಕಿಡಿ ಚಟ್ ಅಂತ ಕಾಣಬೇಕು. ಕಾಣದಿದ್ದರೆ ಹೊಸ ಪ್ಲಗ್ ಹಾಕಿ ಇನ್ನೊಮ್ಮೆ ನೋಡಿ. ಮನೆಯಲ್ಲಿ ಒಂದು ಹೊಸ ಪ್ಲಗ್ ಯಾವಾಗಲೂ ಇರಲಿ. ನಿಮ್ಮ ಹಳೇ ಪ್ಲಗ್ಗಿನ ಮೇಲೆ ಬರೆದ ನಂಬರನ್ನೇ ಅಂಗಡಿಯಲ್ಲಿ ತೋರಿಸಿ ತನ್ನಿ. ಬೈಕಿನ ಪ್ಲಗ್ ಹಿಡಿಸಿತು ಅಂತ ಹಾಕಬೇಡಿ. ಮರೆ ಒಂದೇ ಆದರೂ ಉದ್ದ ಜಾಸ್ತಿ ಇದ್ದರೆ ಪಿಸ್ಟನ್‌ಗೆ ಹೊಡೆಯುತ್ತದೆ.

ಹೊಸ ಪ್ಲಗ್ಗಿಗೂ ಕಿಡಿ ಇಲ್ಲ ಅಂದರೆ, ಕಾಯಿಲ್ ಹೋಗಿದೆ ಅಂತ ತಕ್ಷಣ ತೀರ್ಮಾನಕ್ಕೆ ಬರಬೇಡಿ. ಕಾಯಿಲ್ ದುಬಾರಿ. ಸ್ವಿಚ್ಚಿನಿಂದ ಕಾಯಿಲ್‌ಗೆ ಒಂದು ಸಣ್ಣ ವೈರ್ ಹೋಗುತ್ತದೆ. ಸ್ವಿಚ್ ಆಫ್ ಮಾಡಿದಾಗ ಆ ವೈರ್ ಎಂಜಿನ್ ಮೈಗೆ ತಾಗಿ ಕಿಡಿಯನ್ನು ನಿಲ್ಲಿಸುತ್ತದೆ. ಅದರ ಮೇಲಿನ ರಬ್ಬರ್ ಸವೆದು ಎಲ್ಲಾದರೂ ಲೋಹಕ್ಕೆ ತಾಗುತ್ತಿದ್ದರೆ ಮಿಷನ್ ಯಾವಾಗಲೂ ಆಫ್ ಆಗಿಯೇ ಇರುತ್ತದೆ. ಇಲಿ ಕಡಿದ ವೈರ್‌ಗಳನ್ನು ನಾನು ಎಷ್ಟು ಸುತ್ತಿದ್ದೇನೋ ಲೆಕ್ಕ ಇಲ್ಲ. ಅಡಿಕೆ ಮೂಟೆ ಇಡುವ ಅಟ್ಟದಲ್ಲೇ ಮಿಷನ್ನೂ ಇಡುತ್ತೇವೆ, ಇಲಿಗೆ ಎರಡೂ ಒಂದೇ. ವೈರ್ ಸರಿ ಇದ್ದರೆ ಕಾಯಿಲ್ ಮತ್ತು ಫ್ಲೈವೀಲ್ ನಡುವಿನ ಸಂದು ನೋಡಿ. ಒಂದು ವಿಸಿಟಿಂಗ್ ಕಾರ್ಡ್ ದಪ್ಪ, ಅಂದರೆ 0.3 ಮಿಲಿಮೀಟರ್ ಹತ್ತಿರ. ತುಕ್ಕು ಹಿಡಿದಿದ್ದರೆ ನಯವಾದ ಮರಳು ಕಾಗದದಲ್ಲಿ ಉಜ್ಜಿ.

ಕಾಯಿಲ್ ನಿಜವಾಗಿ ಹಾಳಾದರೆ ಅದಕ್ಕೊಂದು ಗುರುತು ಇದೆ. ಬೆಳಿಗ್ಗೆ ಚೆನ್ನಾಗಿ ಹತ್ತುತ್ತದೆ. ಒಂದು ಗಂಟೆ ಕುಯ್ದು, ಚಹಾ ಕುಡಿಯಲು ನಿಲ್ಲಿಸಿ ಬಂದರೆ ಹತ್ತುವುದಿಲ್ಲ. ಪ್ಲಗ್ ನೋಡಿದರೆ ಕಿಡಿ ಇಲ್ಲ. ಮಧ್ಯಾಹ್ನ ಊಟ ಮಾಡಿ ಬಂದರೆ ಮತ್ತೆ ಹತ್ತುತ್ತದೆ. ಬಿಸಿಯಾದಾಗ ಕೈಕೊಡುವ ಕಾಯಿಲ್ ಇದು. ರಿಪೇರಿ ಇಲ್ಲ, ಬದಲಾಯಿಸಬೇಕು. ಆದರೆ ಬಿಸಿ ಎಂಜಿನ್‌ಗೆ ಚೋಕ್ ಹಾಕಿ ಎಳೆದರೂ ಹತ್ತುವುದಿಲ್ಲ, ಪೆಟ್ರೋಲ್ ತುಂಬುತ್ತದೆ. ಬಿಸಿ ಇರುವಾಗ ಚೋಕ್ ಬೇಡ. ಹಾಗಾಗಿ ಮೊದಲು ಕಿಡಿ ಇದೆಯೋ ಇಲ್ಲವೋ ನೋಡಿ, ಆಮೇಲೆ ಕಾಯಿಲ್‌ಗೆ ದುಡ್ಡು ಹಾಕಿ.

ಇನ್ನು ಒಣ ಪ್ಲಗ್. ಇಲ್ಲಿ ಮಾತು ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ನಮ್ಮ ಕಡೆ ಬರುವ ತೊಂದರೆಗಳಲ್ಲಿ ಜಾಸ್ತಿ ಇರುವುದೇ ಇಲ್ಲಿ. ಮೂಲ ಪೆಟ್ರೋಲ್‌ನಲ್ಲೇ ಇದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್ ನಾವು ಹುಡುಗರಾಗಿದ್ದಾಗಿನ ಪೆಟ್ರೋಲ್ ಅಲ್ಲ. ಅದರಲ್ಲಿ 20% ಎಥನಾಲ್ ಇದೆ. ಈ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. 2025ರ ಹೊತ್ತಿಗೆ ದೇಶದ ಹೆಚ್ಚುಕಡಿಮೆ ಎಲ್ಲ ಬಂಕ್‌ಗಳಿಗೂ ಬಂತು. ಕಬ್ಬು ಬೆಳೆಯುವವರಿಗೆ ಇದರಿಂದ ಅನುಕೂಲ ಇದೆ, ನಾನು ಅದರ ವಿರುದ್ಧ ಮಾತಾಡುತ್ತಿಲ್ಲ. ಆದರೆ ಚೈನ್ ಸಾ ಇಟ್ಟುಕೊಂಡವರು ಎಥನಾಲ್‌ನ ಸ್ವಭಾವ ತಿಳಿದಿರಬೇಕು. ಅದು ನೀರನ್ನು ಎಳೆದುಕೊಳ್ಳುತ್ತದೆ. ಉಪ್ಪಿನ ಭರಣಿಯ ಮುಚ್ಚಳ ತೆಗೆದಿಟ್ಟರೆ ಆಷಾಢದಲ್ಲಿ ಉಪ್ಪು ಏನಾಗುತ್ತದೆ ಹೇಳಿ? ಹಾಗೆಯೇ ಇದೂ ಗಾಳಿಯ ತೇವವನ್ನು ಹೀರುತ್ತದೆ.

ಇಲ್ಲಿ ಒಂದು ಗೆರೆ ಹಾಕಿದ ಗಾಜಿನ ಬಾಟಲಿ ಇದೆ. 100 ಮಿಲಿ ಪೆಟ್ರೋಲ್ ಹಾಕಿದ್ದೇನೆ, ಇವತ್ತು ಬೆಳಿಗ್ಗೆ ಬಂಕಿನಿಂದ ತಂದದ್ದು. ಅದಕ್ಕೆ 10 ಮಿಲಿ ನೀರು ಹಾಕುತ್ತೇನೆ. ಮುಚ್ಚಳ ಹಾಕಿ ಕುಲುಕುತ್ತೇನೆ. ಈಗ ಎರಡು ನಿಮಿಷ ಬಿಡೋಣ. ನೋಡಿ, ಕೆಳಗೆ ಬೇರೆ ಪದರ ನಿಂತಿತು. ಮುಂದಿನ ಸಾಲಿನಲ್ಲಿ ಇರುವವರು ಗೆರೆ ಓದಿ ಹೇಳಿ. 30ರ ಹತ್ತಿರ, ಅಲ್ವಾ? ನಾನು ಹಾಕಿದ್ದು 10 ಮಿಲಿ ನೀರು. ಉಳಿದದ್ದು ಪೆಟ್ರೋಲ್‌ನಿಂದ ಇಳಿದು ಬಂದ ಎಥನಾಲ್. ನೀರು ಸಿಕ್ಕಿದ ಕೂಡಲೇ ಅದು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಯಿತು.

ನಿಮ್ಮ ಟ್ಯಾಂಕಿನಲ್ಲೂ ಹೀಗೇ ಆಗುತ್ತದೆ. ತೇವ ಸ್ವಲ್ಪ ಇದ್ದಾಗ ಎಥನಾಲ್ ಅದನ್ನು ಪೆಟ್ರೋಲ್ ಒಳಗೇ ಹಿಡಿದಿಟ್ಟುಕೊಂಡಿರುತ್ತದೆ. ಜಾಸ್ತಿ ಆದ ದಿನ ಎರಡೂ ಕೆಳಗೆ ಇಳಿಯುತ್ತವೆ. ಟ್ಯಾಂಕಿನ ಒಳಗಿನ ಫಿಲ್ಟರ್ ಇರುವುದು ತಳದಲ್ಲಿ. ಎಂಜಿನ್ ಮೊದಲು ಕುಡಿಯುವುದು ಆ ತಳದ ನೀರನ್ನೇ. ನಾವು ಬೆರೆಸಿದ ಟೂ ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ, ಮೇಲಿನ ಪೆಟ್ರೋಲ್ ಜೊತೆ ಉಳಿದಿರುತ್ತದೆ. ಅಂದರೆ ಹತ್ತುವುದಿಲ್ಲ, ಹೇಗೋ ಹತ್ತಿದರೂ ಪಿಸ್ಟನ್‌ಗೆ ಎಣ್ಣೆ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ ನಿಮ್ಮ ಮಿಷನ್ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಹಲವು ಕಂಪನಿಗಳು 10%ಗಿಂತ ಜಾಸ್ತಿ ಎಥನಾಲ್ ಬೇಡ ಅಂತ ಬರೆದಿರುತ್ತವೆ. ಹಳೇ ಮಿಷನ್‌ಗಳಲ್ಲಿ ಅದು ರಬ್ಬರ್ ಪೈಪನ್ನು ಮೆತ್ತಗೆ ಮಾಡಿ ಸೀಳುತ್ತದೆ. ಬಂಕಿನಲ್ಲಿ ಬೇರೆ ಸಿಗದಿದ್ದಾಗ ನಮ್ಮ ಕೈಯಲ್ಲಿ ಇರುವುದು ಒಂದೇ, ಹಳತು ಮಾಡದೆ ಇರುವುದು. ಬೇಕಾದಷ್ಟೇ ತನ್ನಿ, ತಿಂಗಳೊಳಗೆ ಮುಗಿಸಿ. ಉಳಿದದ್ದನ್ನು ಮಿಷನ್‌ಗೆ ಹಾಕಬೇಡಿ. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ಇಡುವುದನ್ನು ಇವತ್ತೇ ನಿಲ್ಲಿಸಿ. ಮಕ್ಕಳಿರುವ ಮನೆಯಲ್ಲಿ ಅದು ಎಷ್ಟು ಅಪಾಯ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಯಿಲ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಂಪನಿಯ ಒಳ್ಳೆ ಟೂ ಟಿ ಆಯಿಲ್ ಆದರೆ ಸ್ಟಿಲ್, ಹಸ್ಕ್ವಾರ್ನಾ ತರದ ಮಿಷನ್‌ಗಳಿಗೆ 50ಕ್ಕೆ 1. ಒಂದು ಲೀಟರ್‌ಗೆ 20 ಮಿಲಿ, ಐದು ಲೀಟರ್‌ಗೆ 100 ಮಿಲಿ. ಕೆಲವು ಮಿಷನ್‌ಗಳ ಪುಸ್ತಕದಲ್ಲಿ 25ಕ್ಕೆ 1 ಅಂತ ಇರುತ್ತದೆ, ಆಗ ಲೀಟರ್‌ಗೆ 40 ಮಿಲಿ. ಅಳತೆ ಮಾಡಿಯೇ ಹಾಕಿ, ಮುಚ್ಚಳದ ಲೆಕ್ಕ ಬೇಡ. ಮತ್ತೆ, ಬೆರೆಸುವುದು ಕ್ಯಾನಿನಲ್ಲಿ. ಟ್ಯಾಂಕಿಗೆ ಮೊದಲು ಪೆಟ್ರೋಲ್, ಮೇಲಿಂದ ಆಯಿಲ್ ಸುರಿದರೆ ಅದು ಸರಿಯಾಗಿ ಬೆರೆಯುವುದಿಲ್ಲ. ಆಯಿಲ್‌ಗೆ ಬಣ್ಣ ಹಾಕಿರುವುದು ಯಾಕೆ ಗೊತ್ತಾ? ಬೆರೆಸಿದ ಪೆಟ್ರೋಲ್ ಯಾವುದು, ಬರೀ ಪೆಟ್ರೋಲ್ ಯಾವುದು ಅಂತ ನೋಡಿದ ಕೂಡಲೇ ತಿಳಿಯಲಿ ಅಂತ.

ಈಗ ಪೆಟ್ರೋಲ್ ಹೋಗುವ ದಾರಿಯಲ್ಲಿ ನಡೆಯೋಣ. ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದಿರಿ, ಆದರೂ ಪ್ಲಗ್ ಒಣಗಿಯೇ ಇದೆ. ಒಂದು ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ, ಟ್ಯಾಂಕಿನ ಒಳಗಿಂದ ಪೈಪನ್ನು ಮೆಲ್ಲಗೆ ಎತ್ತಿ. ತುದಿಯಲ್ಲಿ ಹೆಬ್ಬೆರಳ ಗಾತ್ರದ ಫಿಲ್ಟರ್ ಇದೆ. ಕಪ್ಪಾಗಿ ಜಿಡ್ಡುಗಟ್ಟಿದ್ದರೆ ಬದಲಾಯಿಸಿ. ಪೈಪನ್ನು ಬೆರಳಿನಲ್ಲಿ ಬಗ್ಗಿಸಿ ನೋಡಿ. ಬಗ್ಗಿಸಿದಾಗ ಮಾತ್ರ ಕಾಣುವ ಬಿರುಕು ಇರುತ್ತದೆ, ಅಲ್ಲಿಂದ ಪೆಟ್ರೋಲ್ ಬದಲು ಗಾಳಿ ಹೋಗುತ್ತದೆ. ಇನ್ನೊಂದು, ಟ್ಯಾಂಕಿಗೆ ಉಸಿರಾಡಲು ಒಂದು ಸಣ್ಣ ತೂತು ಇದೆ. ಅದು ಕಟ್ಟಿದರೆ ಮಿಷನ್ ಹತ್ತಿ, ಐದು ನಿಮಿಷ ಓಡಿ, ನಿಂತು, ಮತ್ತೆ ಹತ್ತುವುದಿಲ್ಲ. ಆಗ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ. ಗಾಳಿ ಒಳಗೆ ಹೋಗುವ "ಸುಂಯ್" ಶಬ್ದ ಬಂದು, ಆಮೇಲೆ ಮಿಷನ್ ಹತ್ತಿದರೆ ತೊಂದರೆ ಅದೇ.

ಏರ್ ಫಿಲ್ಟರನ್ನೂ ಇದೇ ಹೊತ್ತಿಗೆ ನೋಡಿ. ಅಕೇಶಿಯಾ ಕುಯ್ದರೆ ಬರುವ ಪುಡಿ ಎಷ್ಟು ನಯ ಅಂತ ನಿಮಗೆ ಗೊತ್ತು. ತೊಳೆಯುವಂಥ ಫಿಲ್ಟರ್ ಆದರೆ ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೇ ಹಾಕಿ. ಮಳೆಗಾಲದಲ್ಲಿ ಒಲೆಯ ಮೇಲೆ ಒಣಗಿಸಲು ಹೋಗಬೇಡಿ, ಕರಗುತ್ತದೆ.

ಇಷ್ಟಾದರೂ ಆಗದಿದ್ದರೆ ಕಾರ್ಬೊರೇಟರ್. ಇಲ್ಲಿ ಒಂದು ನಿಮಿಷ ದಾರಿ ಬಿಟ್ಟು ಹೋಗುತ್ತೇನೆ, ಕೇಳಲು ಚೆನ್ನಾಗಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆಂಡ್ರಿಯಾಸ್ ಸ್ಟಿಲ್ ಅನ್ನುವವರು 1926ರಲ್ಲಿ ಮೊದಲ ಚೈನ್ ಸಾ ಮಾಡಿದಾಗ ಅದು ಕರೆಂಟಿನದು, 60 ಕಿಲೋಗೂ ಜಾಸ್ತಿ ತೂಕ, ಇಬ್ಬರು ಹಿಡಿಯಬೇಕಿತ್ತು. 1929ರಲ್ಲಿ ಪೆಟ್ರೋಲ್ ಮಿಷನ್ ಬಂತು. ಅದರ ದೊಡ್ಡ ತೊಂದರೆ ಕಾರ್ಬೊರೇಟರ್. ನಮ್ಮ ಹಳೇ ಬೈಕಿನ ಕಾರ್ಬೊರೇಟರ್‌ನಲ್ಲಿ ಒಂದು ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತದೆ ನೋಡಿ. ಬೈಕ್ ಅಡ್ಡ ಬಿದ್ದರೆ ಪೆಟ್ರೋಲ್ ಸುರಿಯುತ್ತದೆ. ಮರ ಕುಯ್ಯುವವನು ಮಿಷನ್ನನ್ನು ಅಡ್ಡ, ಉದ್ದ, ತಲೆಕೆಳಗೆ ಎಲ್ಲ ಹಿಡಿಯಬೇಕು. ಆ ಕಾಲದ ಮಿಷನ್‌ಗಳಲ್ಲಿ ಎಂಜಿನ್ ನೆಟ್ಟಗೇ ಇರಬೇಕು ಅಂತ ಬಾರ್ ಮಾತ್ರ ತಿರುಗುವ ಹಾಗೆ ಮಾಡಿರುತ್ತಿದ್ದರು. ಆಮೇಲೆ ಬಟ್ಟಲು ತೆಗೆದು, ತೆಳು ರಬ್ಬರಿನ ಪೊರೆ ಹಾಕಿದ ಕಾರ್ಬೊರೇಟರ್ ಬಂತು. ಡಯಾಫ್ರಮ್ ಅನ್ನುತ್ತಾರೆ. ಎಂಜಿನ್ನಿನ ಉಸಿರಿಗೆ ಆ ಪೊರೆ ಒಳಗೆ ಹೊರಗೆ ಆಡುತ್ತಾ ಪೆಟ್ರೋಲ್ ಎಳೆದು ಕೊಡುತ್ತದೆ. ಇವತ್ತು ನೀವು ಹಲಸಿನ ಕೊಂಬೆಯನ್ನು ಯಾವ ಕೋನದಲ್ಲಿ ಬೇಕಾದರೂ ಕುಯ್ಯುತ್ತೀರಲ್ಲ, ಅದು ಆ ಪೊರೆಯ ಉಪಕಾರ.

ಆ ಪೊರೆಯೇ ನಮ್ಮ ತಲೆನೋವು ಕೂಡ. ಹಳೇ ಪೆಟ್ರೋಲ್‌ನಲ್ಲಿ ತಿಂಗಳುಗಟ್ಟಲೆ ನೆನೆದು ಒಣಗಿದರೆ ಅದು ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಎಷ್ಟು ಎಳೆದರೂ ಆಡುವುದಿಲ್ಲ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ಪ್ಲಗ್ಗಿನ ತೂತಿಗೆ ನಾಲ್ಕೈದು ಹನಿ ಬಿಡಿ. ಪ್ಲಗ್ ಹಾಕಿ ಎಳೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿ, ಕಂಪ್ರೆಷನ್ ಎರಡೂ ಸರಿ ಇವೆ. ಪೆಟ್ರೋಲ್ ಮಾತ್ರ ಬರುತ್ತಿಲ್ಲ. ಫಿಲ್ಟರ್, ಪೈಪ್ ಆಗಲೇ ನೋಡಿದ್ದೀರಿ, ಹಾಗಾಗಿ ಉಳಿದದ್ದು ಕಾರ್ಬೊರೇಟರ್. ಪೊರೆ, ಸೂಜಿ, ಜಾಳಿಗೆ ಎಲ್ಲ ಸೇರಿದ ಕಿಟ್ ಸಿಗುತ್ತದೆ. ಬಿಚ್ಚುವಾಗ ಯಾವುದರ ಮೇಲೆ ಯಾವುದು ಇತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಧೈರ್ಯ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ತನ್ನಿ, ಅದರಲ್ಲಿ ತಪ್ಪಿಲ್ಲ. ಎಲ್, ಎಚ್ ಅಂತ ಬರೆದ ಸ್ಕ್ರೂಗಳನ್ನು ಮಾತ್ರ ಸುಮ್ನೆ ತಿರುಗಿಸಬೇಡಿ. ಕಳೆದ ವರ್ಷ ಸರಿಯಾಗಿ ಓಡಿದ ಮಿಷನ್‌ನ ಸ್ಕ್ರೂ ಅಟ್ಟದ ಮೇಲೆ ಕೂತಲ್ಲೇ ತಿರುಗಿರುವುದಿಲ್ಲ. ಎಚ್ ಸ್ಕ್ರೂ ಜಾಸ್ತಿ ಬಿಗಿ ಮಾಡಿದರೆ ಪೆಟ್ರೋಲ್ ಕಡಿಮೆಯಾಗಿ, ಅದರ ಜೊತೆ ಬರುವ ಆಯಿಲ್ಲೂ ಕಡಿಮೆಯಾಗಿ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿ ಹಿಡಿದುಬಿಡುತ್ತದೆ.

ಪೆಟ್ರೋಲ್ ಇದೆ, ಕಿಡಿ ಇದೆ, ಆದರೂ ಇಲ್ಲ ಅಂದರೆ ಕಂಪ್ರೆಷನ್. ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಿಡಿ ಹಿಡಿದು ಮಿಷನ್ನನ್ನು ನೆಲದಿಂದ ಒಂದು ಗೇಣು ಎತ್ತಿ. ಚೆನ್ನಾಗಿರುವ ಎಂಜಿನ್ ತಡೆದು ತಡೆದು ಕೆಳಗೆ ಇಳಿಯುತ್ತದೆ. ಸರ್ರನೆ ಇಳಿದರೆ ಕಂಪ್ರೆಷನ್ ಇಲ್ಲ. ದೊಡ್ಡ ಮಿಷನ್‌ಗಳಲ್ಲಿ ಕಂಪ್ರೆಷನ್ ಬಿಡುವ ಸಣ್ಣ ಗುಂಡಿ ಇರುತ್ತದೆ, ಅದು ಒತ್ತಿಕೊಂಡಿಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಸೈಲೆನ್ಸರ್ ಬಿಚ್ಚಿ, ಟಾರ್ಚ್ ಹಾಕಿ ಒಳಗೆ ಪಿಸ್ಟನ್ ನೋಡಿ. ನಯವಾಗಿ ಹೊಳೆಯಬೇಕು. ಉಗುರಿನಲ್ಲಿ ಗೀರಿದ ಹಾಗೆ ಮೇಲಿಂದ ಕೆಳಗೆ ಗೆರೆಗಳಿದ್ದರೆ ಹೆಚ್ಚಾಗಿ ಯಾರೋ ಬರೀ ಪೆಟ್ರೋಲ್ ಹಾಕಿ ಓಡಿಸಿರುತ್ತಾರೆ. ಆ ಗೆರೆ ನೋಡಿದಾಗ ನನಗೆ ನಿಜವಾಗಿ ಬೇಸರ ಆಗುತ್ತದೆ. ಲೀಟರ್‌ಗೆ 20 ಮಿಲಿ ಆಯಿಲ್ ಹಾಕಿದ್ದರೆ ಇನ್ನೂ ಹತ್ತು ವರ್ಷ ಬಾಳುವ ಎಂಜಿನ್ ಅದು.

ಸೈಲೆನ್ಸರ್ ಬಿಚ್ಚಿದ್ದೀರಲ್ಲ, ಅದರ ಬಾಯನ್ನೂ ನೋಡಿ. ಮಸಿ ಕಟ್ಟಿದ ಜಾಳಿಗೆ ಇದ್ದರೆ ತಂತಿ ಬ್ರಶ್ಶಿನಲ್ಲಿ ತಿಕ್ಕಿ. ಆರು ತಿಂಗಳು ಮೂಲೆಯಲ್ಲಿ ಇದ್ದ ಮಿಷನ್ ಆದರೆ ಮಣ್ಣಿನ ಗೂಡು ಕಟ್ಟುವ ಕಣಜ ಅಲ್ಲಿ ಮನೆ ಮಾಡಿರಬಹುದು. ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಹೊಸ ಗಾಳಿ ಒಳಗೆ ಬರುವುದಿಲ್ಲ.

ಹಗ್ಗವೇ ಬರುತ್ತಿಲ್ಲ, ಕಲ್ಲಿನ ಹಾಗೆ ನಿಂತಿದೆ ಅಂತ ಒಬ್ಬ ಅಣ್ಣ ಆಗಲೇ ಚೀಟಿ ಕೊಟ್ಟಿದ್ದಾರೆ. ಬಲ ಹಾಕಬೇಡಿ. ಪ್ಲಗ್ ತೆಗೆದು ಎಳೆದು ನೋಡಿ. ಆಗ ಸಲೀಸಾಗಿ ತಿರುಗಿದರೆ ಸಿಲಿಂಡರ್ ತುಂಬ ಪೆಟ್ರೋಲ್ ನಿಂತಿತ್ತು ಅಂತ ಅರ್ಥ. ಪ್ಲಗ್ ತೆಗೆದರೂ ತಿರುಗದಿದ್ದರೆ ಸ್ಟಾರ್ಟರ್ ಕವರ್ ಬಿಚ್ಚಿ, ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಅದು ತಿರುಗಿದರೆ ತೊಂದರೆ ಹಗ್ಗದ ರಾಟೆಯಲ್ಲಿ. ತಿರುಗದಿದ್ದರೆ ಪಿಸ್ಟನ್ ಹಿಡಿದಿದೆ, ಗ್ಯಾರೇಜಿಗೇ ತರಬೇಕು.

ಬ್ಯಾಟರಿ ಮಿಷನ್ ತೆಗೆದುಕೊಂಡವರೂ ಇಲ್ಲಿದ್ದಾರೆ. ನಿಮಗೆ ಒಂದೇ ಮಾತು. ಪೆಟ್ರೋಲ್ ಮಿಷನ್‌ಗೆ ಚೈನ್ ಬ್ರೇಕ್ ಹಾಕಿಯೇ ಸ್ಟಾರ್ಟ್ ಮಾಡಬೇಕು ಅಂದೆ. ಬ್ಯಾಟರಿ ಮಿಷನ್‌ನಲ್ಲಿ ಬ್ರೇಕ್ ಹಾಕಿದ್ದರೆ ಮೋಟಾರ್ ತಿರುಗುವುದೇ ಇಲ್ಲ. ಮೊದಲು ಅದನ್ನು ನೋಡಿ, ಆಮೇಲೆ ಬ್ಯಾಟರಿ ಕೂರುವ ಜಾಗದಲ್ಲಿ ಹೊಟ್ಟು ಇದೆಯಾ ನೋಡಿ.

ಕೆಲಸ ಮುಗಿಸಿ ಮಿಷನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಅದರ ತುದಿ ಹೊರಗೆ ಕಾಣುವ ಹಾಗೆ ಬಿಡಿ, ತೆಗೆಯಲು ಮರೆಯಬಾರದಲ್ಲ. ಮಳೆಗಾಲದಲ್ಲಿ ಮಿಷನ್ ಸಿದ್ಧವಾಗಿಯೇ ಇರಬೇಕು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಹೊಸ ಪೆಟ್ರೋಲ್ ಹಾಕಿ ಐದು ನಿಮಿಷ ಓಡಿಸಿ. ಪ್ಲಗ್ ಸ್ಪ್ಯಾನರ್, ಹೊಸ ಪ್ಲಗ್, ಒಣ ಬಟ್ಟೆ, ಟಾರ್ಚ್ ಇಷ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ ಮಿಷನ್ ಪಕ್ಕದಲ್ಲೇ ಇಡಿ. ರಾತ್ರಿ ಕರೆಂಟ್ ಇಲ್ಲದಾಗ ಹುಡುಕುವ ಹಾಗೆ ಆಗಬಾರದು. ಬಿದ್ದ ಮರದ ಮೇಲೆ ಕರೆಂಟಿನ ತಂತಿ ಇದ್ದರೆ ಲೈನ್‌ಮನ್ ಬಂದು ಲೈನ್ ಆಫ್ ಆಗಿದೆ ಅಂತ ಹೇಳುವವರೆಗೆ ಹತ್ತಿರ ಹೋಗಬೇಡಿ.

ಹತ್ತದ ಮಿಷನ್‌ಗಳನ್ನು ತನ್ನಿ ಅಂತ ಹೇಳಿದ್ದೆವು, ಜಗಲಿಯಲ್ಲಿ ಏಳು ಮಿಷನ್ ಇವೆ. ಹೊರಗೆ ಹೋಗೋಣ. ಬೀಡಿ ಸಿಗರೇಟು ಸೇದುವವರು ದಯವಿಟ್ಟು ರಸ್ತೆ ಪಕ್ಕಕ್ಕೆ ಹೋಗಿ ಸೇದಿ ಬನ್ನಿ. ಮೊದಲು ಆ ನೀಲಿ ಹಿಡಿಯ ಮಿಷನ್, ಅದರ ಪ್ಲಗ್ ಬಿಚ್ಚೋಣ. ನಾನು ಮುಟ್ಟುವುದಿಲ್ಲ, ಮಿಷನ್ ತಂದವರೇ ಬಿಚ್ಚಬೇಕು.